ಅಡಿಕೆ ಸೊಕ್ಕಿದೆ ಅಂದುಕೊಂಡ ಆ ಮಧ್ಯಾಹ್ನ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ನಿನ್ನೆಯ ಜೋಳದ ರೊಟ್ಟಿ ಮುರಿದು ಒಗ್ಗರಣೆ ಕೊಟ್ಟೆ. ಟ್ಯಾಂಕಿಗೆ ಮೋಟಾರ್ ಹಾಕಿ, ಆಫ್ ಮಾಡುವುದನ್ನು ಮರೆತು, ನೀರು ಹಿತ್ತಿಲಿಗೆ ಹರಿದ ಮೇಲೆ ಓಡಿದೆ. ಆಮೇಲೆ ಹಾಲಮ್ಮನನ್ನು ಎಬ್ಬಿಸಿ ಕೂರಿಸಿದೆ. ಅವಳ ಎಡಗೈಗೆ ಬ್ರಷ್ ಕೊಟ್ಟೆ. ಬಲಗೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. (ರಾತ್ರಿಯೆಲ್ಲ ಆ ಕೈ ಮುಷ್ಟಿ ಬಿಗಿದುಕೊಂಡಿರುತ್ತದೆ. ಬಿಡಿಸದಿದ್ದರೆ ಉಗುರು ಅಂಗೈಗೆ ಚುಚ್ಚುತ್ತದೆ.) ರವೆ ಗಂಜಿಯನ್ನು ಚಮಚದಲ್ಲಿ ಕುಡಿಸಿ ಬಾಯಿ ಒರೆಸಿದೆ. ತಲೆ ಬಾಚಿ ಜಡೆ ಹೆಣೆದೆ. ದಿನಾ ನೈಟಿ. ಇವತ್ತು ಸೀರೆ ಉಡಿಸಿದೆ.

ಅವಳು ಸೆರಗನ್ನು ಮುಟ್ಟಿ ನೋಡಿಕೊಂಡಳು. ನನ್ನ ಮುಖ ನೋಡಿ ಹೇಳಿದಳು, "ಬೆಲ್ಲ."

"ಹೂಂ ಕಣೇ, ದಾವಣಗೆರೆಗೆ ಹೋಗೋದೈತೆ. ಅದ್ಕೇ ಸೀರೆ" ಅಂದೆ.

"ಬೆಲ್ಲ?"

"ಸಿದ್ದೇಶನೂ ಬರ್ತಾನೆ."

ನಿಮಗೆ ಗೊಂದಲವಾಗುವುದು ಬೇಡ. ಹಾಲಮ್ಮನಿಗೆ ಈಗ ಬರುವುದು ಅದೊಂದೇ ಮಾತು. ನೀರು ಬೇಕಾದರೂ ಬೆಲ್ಲ. ಸೊಳ್ಳೆ ಕಚ್ಚಿದರೂ ಬೆಲ್ಲ. ಗಂಡ ಮನೆಗೆ ಬಂದರೂ ಬೆಲ್ಲ. ಹಾಸ್ಟೆಲಿನಿಂದ ಮಗಳು ಫೋನ್ ಮಾಡಿದರೆ ಬೆಲ್ಲ, ಬೆಲ್ಲ, ಬೆಲ್ಲ ಅಂತ ಅಳುತ್ತಾಳೆ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ಹೇಳಬೇಕಾದ್ದೆಲ್ಲ ಒಳಗೆ ಇದೆ. ಹೊರಗೆ ಬರುವ ದಾರಿಯಲ್ಲಿ ಎಲ್ಲವೂ ಬೆಲ್ಲವಾಗಿಬಿಡುತ್ತದೆ.

ಹಾಲಮ್ಮ ನನ್ನ ಓರಗಿತ್ತಿ. ಮೈದುನ ಸಿದ್ದೇಶನ ಹೆಂಡತಿ, ಹೊನ್ನಾಳಿಯ ಹೆಣ್ಣು. ಈ ಅಂಕಣ ಓದುತ್ತ ಬಂದವರಿಗೆ ಅವಳು ಹೊಸಬಳಲ್ಲ. ಒಗ್ಗರಣೆಗೆ ಹಾಕುವ ಮೊದಲು ಮಂಡಕ್ಕಿಯನ್ನು ಎಷ್ಟು ನೆನೆಸಬೇಕು ಅಂತ ನಮ್ಮಿಬ್ಬರಿಗೂ ಆದ ಜಗಳವನ್ನು ಇಲ್ಲಿ ಬರೆದಿದ್ದೆ. ಪತ್ರ ಬರೆದವರೆಲ್ಲ ಅವಳ ಪಕ್ಷ ವಹಿಸಿದ್ದಿರಿ. ಅದನ್ನು ಹೇಳಿಕೊಂಡು ಅವಳು ನನ್ನನ್ನು ಎಷ್ಟು ದಿನ ಹಂಗಿಸಿದಳೋ. "ಅಕ್ಕ, ಬರಿಯೋಳು ನೀನಾದ್ರೂ ಓದೋರೆಲ್ಲ ನನ್ ಕಡೇಗೈದಾರೆ ನೋಡು."

ನಿಜ ಹೇಳಬೇಕೆಂದರೆ ಬರೆಯುವುದಷ್ಟೇ ನನ್ನದು, ಮಾತು ಅವಳದು. ಸಂತೇಬೆನ್ನೂರು ಸಂತೆಗೆ ಹೋಗಿ ಬಂದರೆ ಚೀಲ ಇಳಿಸುವ ಮೊದಲೇ ಅವಳ ಕಥೆ ಶುರು. ಯಾರು ಯಾರನ್ನು ಬೈದರು, ಯಾವ ಬಸ್ಸಿನಲ್ಲಿ ಯಾರು ಸೀಟು ಹಿಡಿದರು, ಯಾರ ಸೊಸೆ ಕೊತ್ತಂಬರಿ ಕಟ್ಟಿಗೆ ಎಷ್ಟು ಹೊತ್ತು ಚೌಕಾಸಿ ಮಾಡಿದಳು. ನಾನು ಬದನೆಕಾಯಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ವಾರದ ಕೊನೆಗೆ ಅದೇ ನಿಮ್ಮ ಕೈಗೆ ಬರುತ್ತಿತ್ತು.

ಈಗ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಮಾತ್ರ ಕೂಗುತ್ತದೆ.

ಏನಾಯಿತೆಂದು ಹೇಳುತ್ತೇನೆ. ನಮ್ಮೂರು ತ್ಯಾವಣಿಗೆ. ಕೊಯ್ಲಿನ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಮಣೆಗೆ ಕೂರಿಸಿದ ಕತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಾರೆ. (ಮೆಷಿನ್ ಬಂದಿದೆ, ನಿಜ. ಮೆಷಿನ್ ಉಗುಳಿದ್ದನ್ನು ಮತ್ತೆ ಕೈಯಲ್ಲೇ ಸುಲಿಯಬೇಕು.) ಸುಲಿಯುತ್ತ ಕೂತವರು ಒಂದು ಹಸಿ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳದೆ ಏಳುವುದಿಲ್ಲ. ಹಸಿ ಅಡಿಕೆ ಒಮ್ಮೊಮ್ಮೆ ಸೊಕ್ಕುತ್ತದೆ. ಮೈ ಬೆವರುತ್ತದೆ, ತಲೆ ಗಿರ್ರೆನ್ನುತ್ತದೆ, ನಾಲಿಗೆ ದಪ್ಪವಾದಂತಾಗುತ್ತದೆ, ಎದ್ದರೆ ಕಾಲು ತೊಡರುತ್ತದೆ. ಚನ್ನಗಿರಿ ಕಡೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಯಾರೂ ಹೆದರುವುದಿಲ್ಲ. ನಗುತ್ತಾರೆ. ಬಾಯಿಗೊಂದು ತುಂಡು ಬೆಲ್ಲ ಇಟ್ಟು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ನೆರಳಲ್ಲಿ ಮಲಗಿಸುತ್ತಾರೆ. ಸೊಕ್ಕಿದವರು ಸ್ವಲ್ಪ ಹೊತ್ತಿಗೆ ಎದ್ದು ಕೂತು ಇನ್ನೊಂದು ಅಡಿಕೆ ಕೇಳುತ್ತಾರೆ.

ಆ ದಿನ ನಾನು ಊರಲ್ಲಿರಲಿಲ್ಲ. ಜಗಳೂರಿನ ನನ್ನ ತವರಿನಲ್ಲಿ ಅಕ್ಕನ ಮೊಮ್ಮಗಳ ನಾಮಕರಣವಿತ್ತು. ಹಾಗಾಗಿ ಇದನ್ನೆಲ್ಲ ನಾನು ಆಮೇಲೆ ಮುಮ್ತಾಜ್ ಬಾಯಿಂದ ಕೇಳಿದ್ದು. ಮುಮ್ತಾಜ್ ನಮ್ಮ ಪಕ್ಕದ ಮನೆಯವಳು. ಅವಳ ಗಂಡನದು ಹಾಸಿಗೆ ದಿಂಬು ಹೊಲಿಯುವ ಅಂಗಡಿ. ಯಾರ ಮನೆಯ ಅಂಗಳವಾದರೂ ಸರಿ, ಅವಳ ಕತ್ತಿ ಹಾಲಮ್ಮನ ಕತ್ತಿಯ ಪಕ್ಕದಲ್ಲೇ.

ಹಾಲಮ್ಮ ಹೊನ್ನಾಳಿ ಬಸ್ಸಿನ ಕಂಡಕ್ಟರ್ ಒಬ್ಬನ ಕಥೆ ಹೇಳುತ್ತಿದ್ದಳಂತೆ. ನಡುವೆ ಮಾತು ತೊದಲಿತು. ಬಾಯಲ್ಲಿ ಅಡಿಕೆ ಇತ್ತಲ್ಲ, ಯಾರೂ ಗಮನಿಸಲಿಲ್ಲ. ಕೈಯಲ್ಲಿದ್ದ ಕಾಯಿ ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಜಾರಿತು.

"ಸೊಕ್ತು ನೋಡ್ರೇ ಹಾಲಕ್ಕಂಗೆ" ಅಂದಳು ಒಬ್ಬಳು.

"ಬೆಳಗಿಂದ ದನ ಮೇದಂಗೆ ಮೇಯ್ತಿದ್ಲು. ಸೊಕ್ದೆ ಇನ್ನೇನ್ ಮಾಡ್ತೈತೆ" ಅಂದಳು ಇನ್ನೊಬ್ಬಳು.

"ಕಥೆ ಪೂರಾ ಮಾಡೇ ಹಾಲಕ್ಕ" ಅಂತ ಮುಮ್ತಾಜ್ ಛೇಡಿಸಿದಳು. "ಕಂಡಕ್ಟ್ರು ಏನಂದ?"

ಹಾಲಮ್ಮ ಏನೋ ಅಂದಳು. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು. "ಒಂದೇ ಕಡೇಲಿ ನಕ್ಲು ಅಕ್ಕಾ" ಅಂತ ಮುಮ್ತಾಜ್ ನನಗೆ ಹೇಳಿದ್ದಳು. "ಈಗ ಅನ್ನಿಸ್ತೈತೆ. ಆವಾಗ ಹಂಗೆ ಕಾಣ್ಲಿಲ್ಲ."

ಮುಮ್ತಾಜಳೇ ಓಡಿ ಹೋಗಿ ತನ್ನ ಮನೆಯಿಂದ ಬೆಲ್ಲ ತಂದಳು. ಹಾಲಮ್ಮನ ಬಾಯಿಗಿಟ್ಟಳು. "ಏನ್ ಕೊಟ್ಟೆ ಹೇಳು ನೋಡಾಣ?" ಅಂತ ತಮಾಷೆ ಮಾಡಿದಳು. ಹಾಲಮ್ಮ ಕಣ್ಣು ಮುಚ್ಚಿ, ಎಲ್ಲಿಂದಲೋ ಎಳೆದು ತಂದಂತೆ ಹೇಳಿದಳು, "ಬೆಲ್ಲ."

"ಬಂತು ನೋಡ್ರಿ ಮಾತು" ಅಂದಳು ಮುಮ್ತಾಜ್. ಇಡೀ ಅಂಗಳಕ್ಕೆ ಸಮಾಧಾನವಾಯಿತು. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದರು. ಮತ್ತೆ ಕತ್ತಿಗಳ ಮುಂದೆ ಕೂತರು.

ಮಧ್ಯಾಹ್ನ ಸಿದ್ದೇಶ ಊಟಕ್ಕೆ ಬಂದ. "ಇವ್ಳಿಗೇನಾತು?" ಅಂದ. "ಸೊಕ್ಕೈತಣ್ಣ. ಮಲಗ್ಲಿ ಬಿಡು, ಎಬ್ಬಿಸ್ಬ್ಯಾಡ" ಅಂದರು. ಅವನು ಸದ್ದು ಮಾಡದೆ ತಾನೇ ಬಡಿಸಿಕೊಂಡು ಉಂಡ. ಫ್ಯಾನನ್ನು ಅವಳ ಕಡೆ ತಿರುಗಿಸಿದ. ನೊಣ ಕೂರದಂತೆ ಮುಖದ ಮೇಲೆ ತನ್ನ ಟವೆಲ್ ಹೊದಿಸಿ ತೋಟಕ್ಕೆ ಹೋದ. ಇಷ್ಟು ಒಳ್ಳೆಯ ಗಂಡಂದಿರು ನಮ್ಮೂರಲ್ಲಿ ಹೆಚ್ಚಿಲ್ಲ.

ಸಂಜೆ ಎಬ್ಬಿಸಿದಾಗ ಅವಳು ಎಡಗೈ ಊರಿದಳು. ಬಲಗೈ ಗೋಣಿಚೀಲದ ಮೇಲೆಯೇ ಉಳಿಯಿತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ಯಾವಾಗ ಶುರುವಾಯಿತು ಅಂತ. ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಕಥೆಯ ಯಾವ ಮಾತಿನಲ್ಲಿ ಅಡಿಕೆ ಮುಗಿದು ಲಕ್ವ ಶುರುವಾಯಿತು, ಹೇಗೆ ಹೇಳುವುದು? ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಅಂದರು. ಬೇಗ ಬಂದಿದ್ದರೆ ಕರಗಿಸಲು ಇಂಜೆಕ್ಷನ್ ಇತ್ತು, ಈಗ ಹೊತ್ತು ಮೀರಿದೆ ಅಂದರು. ಅಷ್ಟೇ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಿಷಯ ತಿಳಿದ ನನ್ನಕ್ಕ ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಮ್ ಜಗಳೂರು ಕಡೆ ಆಗಿದ್ರೆ ಗಾಡಿ ಹತ್ತಿಸ್ತಿದ್ವಿ ಕಣೇ. ಮೆಕ್ಕೆಜೋಳ ಬೆಳೆಯೋರು ನಾವು. ಮಾತು ತೊದಲಿದ್ರೆ ಲಕ್ವ ಅಂತೀವಿ. ಅಡಿಕೆ ಸೊಕ್ಕೋದು ನಮಗೇನ್ ಗೊತ್ತು? ನೀವು ಬಾಳ ತಿಳಿದೋರು."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಯೋಚಿಸಿ. ಗೊತ್ತಿಲ್ಲದ ಊರಿನವರು ಅವಳನ್ನು ಉಳಿಸುತ್ತಿದ್ದರು. ನಾವು ಗೊತ್ತಿದ್ದರಿಂದಲೇ ಕಳೆದುಕೊಂಡೆವು. ಆ ದಿನ ನಾನು ಅಂಗಳದಲ್ಲಿ ಇದ್ದಿದ್ದರೆ? ಏನೂ ಬದಲಾಗುತ್ತಿರಲಿಲ್ಲ. ನಾನು ಇನ್ನೂ ದೊಡ್ಡ ತುಂಡು ಬೆಲ್ಲ ತರುತ್ತಿದ್ದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರುತ್ತದೆ. ಎದೆ ಹಿಂಡಿದರೆ ಗ್ಯಾಸ್ ಅನ್ನುತ್ತೀರಿ, ಸೋಡಾ ತರಿಸುತ್ತೀರಿ. ತಲೆ ಸುತ್ತಿದರೆ ಪಿತ್ತ. ಕಣ್ಣು ಮಂಜಾದರೆ ನಿದ್ದೆಗೇಡು. ನೂರು ಸಲ ಅದು ಗ್ಯಾಸೇ, ಪಿತ್ತವೇ, ನಿದ್ದೆಗೇಡೇ ಆಗಿರುತ್ತದೆ. ಅದೇ ತೊಂದರೆ. ನೂರು ಸಲ ಸರಿಯಾಗಿದ್ದವರು ನೂರಾ ಒಂದನೆಯ ಸಲ ಯಾಕೆ ಅನುಮಾನ ಪಡುತ್ತಾರೆ?

ಇದೆಲ್ಲ ಆಗಿ ತಿಂಗಳುಗಳಾದವು. ಕಳೆದ ವಾರ ಸಿದ್ದೇಶ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದ. "ಅತ್ತಿಗೆ, ಇದನ್ನ ಸ್ವಲ್ಪ ಓದ್ರಿ" ಅಂದ. ಆಪರೇಷನ್ನಿಗೆ ಮುಂಚೆ ಮತ್ತು ಬರಿಸಲು ಕೊಡುತ್ತಾರಲ್ಲ, ಅಂಥ ಅರಿವಳಿಕೆ ಔಷಧಿಯೊಂದು ನರಕೋಶಗಳನ್ನು ಹಾನಿಯಿಂದ ಕಾಪಾಡಬಹುದು ಎಂಬ ಸುದ್ದಿ. ಕೈ ಒರೆಸಿಕೊಂಡು ಓದಿದೆ. ಇನ್ನೊಮ್ಮೆ ಓದಿದೆ. ಕಾಪಾಡಬಹುದು ಅಂತಷ್ಟೇ ಇತ್ತು, ಕಾಪಾಡುತ್ತದೆ ಅಂತ ಎಲ್ಲೂ ಇರಲಿಲ್ಲ. ಹೇಳಲು ಬಾಯಿ ತೆರೆದೆ. ಅವನ ಮುಖ ನೋಡಿ ಫೋನ್ ವಾಪಸ್ ಕೊಟ್ಟೆ.

"ಸ್ವಲ್ಪ ಹೊತ್ತು ಮತ್ತು ಕೊಡೋದು ಅಷ್ಟೇ ಅತ್ತಿಗೆ. ಕೊಯ್ಯೋದಿಲ್ಲ, ಏನಿಲ್ಲ" ಅಂದ. "ಎದ್ರೆ ಇನ್ನೊಂದು ಮಾತು ಬಂದಿದ್ರೂ ಸಾಕು. ನನ್ ಹೆಸ್ರೇ ಬೇಕು ಅಂತಿಲ್ಲ. ನೀರು ಅಂದ್ರೂ ಸಾಕು."

ಅವರಿವರನ್ನು ಕೇಳಿ ದಾವಣಗೆರೆಯಲ್ಲಿ ಅರಿವಳಿಕೆ ಡಾಕ್ಟರ್ ಒಬ್ಬರನ್ನು ಕಾಣುವ ಏರ್ಪಾಡು ಮಾಡಿದ. ಇವತ್ತು ಹೋದದ್ದು ಅಲ್ಲಿಗೇ. ಗಡ್ಡ ಬೋಳಿಸಿಕೊಂಡು, ಮದುವೆಗೆ ಹೋಗುವವನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ದಾರಿಯುದ್ದಕ್ಕೂ ಹಾಲಮ್ಮನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ನೀವುತ್ತಿದ್ದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಆಪರೇಷನ್ ಮುಗಿಸಿ ಹಸಿರು ಬಟ್ಟೆಯಲ್ಲೇ ಬಂದು ಕೂತರು.

"ನಿಮ್ ಹತ್ರ ಮತ್ತು ಬರಿಸೋ ಔಷಧಿ ಐತಲ್ರೀ, ಅದನ್ನ ನಮ್ಮನೆಯೋಳಿಗೆ ಕೊಡ್ಬೇಕಾಗಿತ್ತು" ಅಂದ ಸಿದ್ದೇಶ.

"ಏನ್ ಆಪರೇಷನ್?"

"ಆಪರೇಷನ್ ಅಲ್ರೀ. ಬರೀ ಮತ್ತು."

ನಗಬಹುದಾಗಿತ್ತು. ಅವರು ನಗಲಿಲ್ಲ. ಫೋನ್ ಇಸಕೊಂಡು ಪೂರಾ ಓದಿದರು. "ಇದು ಸುಳ್ಳಲ್ಲ" ಅಂದರು.

ಸಿದ್ದೇಶ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ನಾನೂ. ಹಾಲಮ್ಮ ತಲೆ ಎತ್ತಿದಳು.

"ಮೆದುಳಿಗೆ ರಕ್ತ ನಿಂತಾಗ ಒಂದಿಷ್ಟು ಕೋಶ ಬೇಗ ಸಾಯ್ತವೆ" ಅಂತ ಡಾಕ್ಟರಮ್ಮ ನಿಧಾನಕ್ಕೆ ಹೇಳಿದರು. "ಸುಮ್ನೆ ಸಾಯಲ್ಲ. ಸಾಯೋವಾಗ ಒಂದು ರಾಸಾಯನಿಕ ಸುರೀತವೆ. ಅದು ಪಕ್ಕದ ಕೋಶಗಳನ್ನ ವಿಪರೀತ ಕೆರಳಿಸುತ್ತೆ. ಕೆರಳಿ ಕೆರಳಿ ಅವೂ ಸಾಯ್ತವೆ. ಆಮೇಲೆ ಅವುಗಳ ಪಕ್ಕದವು. ಕೆಲವು ಅರಿವಳಿಕೆ ಔಷಧಿಗಳು ಆ ಕೆರಳಿಕೆ ತಟ್ಟದಂಗೆ ತಡೀತವೆ. ಕೋಶಗಳನ್ನ ಒಂಥರಾ ಮಂಪರಲ್ಲಿ ಇಡ್ತವೆ. ಮಂಪರಲ್ಲಿದ್ದವು ಉಳ್ಕೊಳ್ಳಬಹುದು. ಪ್ರಯೋಗದ ಪ್ರಾಣಿಗಳಲ್ಲಿ ಹಂಗೆ ಕಂಡಿದೆ. ಮನುಷ್ಯರ ಲಕ್ವಕ್ಕೆ ಇನ್ನೂ ಖಾತ್ರಿ ಇಲ್ಲ. ಕೆಲವು ಸಲ ಇವೇ ಔಷಧಿಗಳು ತೊಂದ್ರೆ ಮಾಡ್ತಾವೇನೋ ಅನ್ನೋ ಅನುಮಾನಾನೂ ಇದೆ."

"ಖಾತ್ರಿ ಇಲ್ದಿದ್ರೂ ಪರವಾಗಿಲ್ರೀ. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ."

"ಅದಲ್ಲಣ್ಣ. ಕೊಡೋದಿದ್ರೂ ಅವು ಸಾಯ್ತಾ ಇರೋವಾಗ ಕೊಡಬೇಕು. ಆ ದಿನ, ಆ ಹೊತ್ನಲ್ಲಿ. ಈಗ ಸಾಯೋದೆಲ್ಲ ಮುಗ್ದಿದೆ."

ಸಿದ್ದೇಶ ಮೇಜಿನ ಕಡೆ ಬಾಗಿದ. ಅಂಗಡಿಯಲ್ಲಿ ಚೌಕಾಸಿಯ ಕೊನೆಯ ಮಾತು ಆಡುವವನಂತೆ, ದನಿ ತಗ್ಗಿಸಿದ. "ಇನ್ನೂ ಸ್ವಲ್ಪ ಉಳಿದಾವಲ್ರೀ. ಬೆಲ್ಲ ಅಂತಾಳೆ. ಅಷ್ಟಾದ್ರೂ ಉಳಿದೈತೆ. ಅದನ್ನ ಕಾಪಾಡಾಕಾದ್ರೂ ಕೊಡ್ರಿ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ಅದಕ್ಕೀಗ ಅಪಾಯ ಇಲ್ಲ" ಅಂದರು. "ಮಾತಿನ ಅಭ್ಯಾಸ ಮಾಡಿಸ್ತಾ ಇರ್ರಿ. ಅದಕ್ಕೆ ಹೇಳಿಕೊಡೋರು ಇದಾರೆ, ಅವರ ಹತ್ರ ಕಳಿಸ್ತೀನಿ. ಒಂದೆರಡು ಮಾತು ಬರಬಹುದು. ಮೊದ್ಲಿನ ಹಂಗೆ ಆಗ್ತಾರೆ ಅಂತ ಮಾತ್ರ ನಾನು ಹೇಳಲಾರೆ."

"ಬೆಲ್ಲ" ಅಂದಳು ಹಾಲಮ್ಮ. ಯಾರಿಗೆ ಅಂದಳೋ, ಏನೆಂದಳೋ.

ಶುರುವಾಗಿದ್ದು ಹೇಗೆ ಅಂತ ಡಾಕ್ಟರಮ್ಮ ಕೇಳಿದರು. ಸಿದ್ದೇಶ ಎಲ್ಲವನ್ನೂ ಹೇಳಿದ, ಟವೆಲ್ ಹೊದಿಸಿದ್ದನ್ನೂ. ಪೂರಾ ಕೇಳಿಸಿಕೊಂಡು ಅವರು ಹೇಳಿದರು, "ನಾನೂ ನ್ಯಾಮತಿಯೋಳೇ. ನಮ್ಮನೇಲೂ ಅಡಿಕೆ ಸುಲೀತಾರೆ. ರಜೆಗೆ ಹೋದಾಗ ನಾನೂ ಕತ್ತಿ ಮುಂದೆ ಕೂತಿದೀನಿ. ನೀವು ಬೇಜಾರ್ ಮಾಡ್ಕೋಬೇಡಿ. ಅಲ್ಲಿ ನಾನಿದ್ದಿದ್ರೂ ಮೊದ್ಲು ಬೆಲ್ಲಾನೇ ತರ್ತಿದ್ನೇನೋ."

ಸಮಾಧಾನಕ್ಕೆಂದೇ ಹೇಳಿದ ಮಾತು. ಒಳ್ಳೆಯ ಹುಡುಗಿ. ನಾನು ಮಾತ್ರ ಇಷ್ಟು ದಿನ ಒಳಗೊಳಗೆ ಒಂದು ಲೆಕ್ಕ ಹಾಕಿಕೊಂಡಿದ್ದೆ: ಅಂಗಳದಲ್ಲಿ ಓದಿದವರು ಯಾರಾದರೂ ಒಬ್ಬರು ಇದ್ದಿದ್ದರೆ. ಈಗ ಅದೂ ಹೋಯಿತು. ಮನುಷ್ಯರನ್ನು ದಿನವಿಡೀ ಮಲಗಿಸಿ ಎಬ್ಬಿಸುವವರೇ ಅವಳನ್ನು ಮಲಗಿಸುತ್ತಿದ್ದರು ಅಂದರೆ, ಎಬ್ಬಿಸುವವರು ಯಾರಿದ್ದರು?

ಏಳುವಾಗ ಸಿದ್ದೇಶ ನಗುತ್ತ ಕೇಳಿದ, "ಆ ಮತ್ತು ನಂಗಾದ್ರೂ ಒಂದ್ಸಲ ಕೊಡ್ರೀ ಡಾಕ್ಟ್ರೇ." ಅವರೂ ನಕ್ಕರು. ಅವನು ತಮಾಷೆ ಮಾಡುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗಲಿಲ್ಲ. ನಮಗೆ ಗೊತ್ತಿತ್ತು. ಹಾಲಮ್ಮನಿಗೂ.

ಹಿಂದಿರುಗುವ ದಾರಿಯುದ್ದಕ್ಕೂ ಡಾಕ್ಟರಮ್ಮ ಹೇಳಿದ ಮಂಪರೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಅವಳ ತಲೆಯೊಳಗೆ ಒಂದು ಕೋಶ ಪಕ್ಕದ ಕೋಶವನ್ನು ಕೆರಳಿಸಿ ಕೊಲ್ಲುತ್ತಿದ್ದಾಗ, ಅಲ್ಲಿ ಬೇಕಿತ್ತಂತೆ ಸ್ವಲ್ಪ ಮಂಪರು. ಅಲ್ಲಿ ಇರಲಿಲ್ಲ. ಅಷ್ಟೂ ಮಂಪರು ಹೊರಗೆ, ನಮ್ಮ ಅಂಗಳದಲ್ಲಿತ್ತು. ಕತ್ತಿಗಳ ಮುಂದೆ ಕೂತು ಕಂಡಕ್ಟರ್ ಏನಂದ ಅಂತ ನಗುತ್ತಿತ್ತು. ಇದಕ್ಕೆ ಯಾರನ್ನು ಬೈಯುವುದು, ಹೇಳಿ. ಬೈಯಲು ಒಬ್ಬರಾದರೂ ಕೆಟ್ಟವರು ಸಿಗಬಾರದೇ?

ಮನೆ ಮುಂದೆ ಕಾರು ನಿಂತಾಗ ಮುಮ್ತಾಜ್ ತನ್ನ ಮನೆಯ ಕಾಂಪೌಂಡಿನ ಆಚೆ ನಿಂತಿದ್ದಳು. ನಾವು ಬರುವುದನ್ನೇ ಕಾಯುತ್ತಿದ್ದಳು ಅಂತ ಕಾಣುತ್ತದೆ. ಆಸ್ಪತ್ರೆಯಿಂದ ಹಾಲಮ್ಮ ಮನೆಗೆ ಬಂದ ಹೊಸದರಲ್ಲಿ ಅವಳು ಒಂದೇ ಒಂದು ಸಲ ನೋಡಲು ಬಂದಿದ್ದಳು. ಹಾಲಮ್ಮ ಅವಳನ್ನು ಕಂಡೊಡನೆ "ಬೆಲ್ಲ" ಅಂದಿದ್ದಳು. ಮುಮ್ತಾಜ್ ಬಾಗಿಲಲ್ಲೇ ಹಿಂದೆ ತಿರುಗಿದವಳು ಆಮೇಲೆ ನಮ್ಮ ಹೊಸ್ತಿಲು ದಾಟಿಲ್ಲ. ಪಲ್ಯ ಮಾಡಿದರೆ ಕಾಂಪೌಂಡ್ ಮೇಲಿಟ್ಟು ಕೂಗುತ್ತಾಳೆ.

"ಏನಂದ್ರು ಅಕ್ಕಾ?" ಅಂದಳು.

"ಮಾತಿನ ಅಭ್ಯಾಸ ಮಾಡಿಸ್ಬೇಕಂತೆ."

"ಆ ಮತ್ತಿನ ಔಷಧಿ?"

"ಅದು ಅವತ್ತಿಗಂತೆ ಕಣೇ. ಇವತ್ತಿಗಲ್ಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಸಿದ್ದೇಶ ಹಾಲಮ್ಮನನ್ನು ಕಾರಿನಿಂದ ಇಳಿಸಿ ನಿಲ್ಲಿಸಿದ್ದ. ಹಾಲಮ್ಮ ಮುಮ್ತಾಜಳನ್ನು ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಅರಳಿತು, ಅರಳುವ ಅರ್ಧ ಮುಖ. ಎಡಗೈ ಎತ್ತಿ, ಸಂತೆಯ ಜನರ ನಡುವೆ ಗೆಳತಿಯನ್ನು ಕೂಗುವವಳಂತೆ ಕೂಗಿದಳು, "ಬೆಲ್ಲ. ಬೆಲ್ಲ."

ಮುಮ್ತಾಜ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಕರೀತಿದಾಳೆ ಕಣೇ, ಬೈತಿಲ್ಲ" ಅಂತ ನಾನು ಕಾಂಪೌಂಡಿನ ಬಳಿ ಹೋಗಿ ಹೇಳಿದೆ. ಎರಡು ಸಲ ಹೇಳಿದೆ. ಒಳಗೆ ಹೊಲಿಗೆ ಮೆಷಿನ್ ಸದ್ದು ಶುರುವಾಯಿತು. ಕೇಳಿಸಬಾರದೆಂದೇ ತುಳಿದ ಹಾಗಿತ್ತು.

ಹಾಲಮ್ಮ ಎತ್ತಿದ ಕೈಯನ್ನು ಇಳಿಸಲು ಮರೆತು ನಿಂತಿದ್ದಳು. ಸಿದ್ದೇಶನೇ ಇಳಿಸಿದ.

ಸೀರೆ ಬಿಚ್ಚಿ ನೈಟಿ ಹಾಕಿದೆ. ಸೀರೆ ಮಡಿಸಿ ಒಳಗಿಟ್ಟೆ. ಮಾತಿನ ಅಭ್ಯಾಸ ಇವತ್ತಿನಿಂದಲೇ ಅಂತ ಸಿದ್ದೇಶ ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದ. "ನೀ... ರು" ಅಂದ. ಅವಳು ತುಟಿ ಸೇರಿಸಿದಳು. ಹಣೆ ಬೆವರಿತು. ನಾವಿಬ್ಬರೂ ನಮ್ಮ ತುಟಿಯನ್ನೂ ಹಾಗೇ ಸೇರಿಸಿಕೊಂಡು ಕಾದೆವು. "ಬೆಲ್ಲ" ಅಂದಳು. ಅವನು ಲೋಟವನ್ನು ಅವಳ ಬಾಯಿಗೆ ಹಿಡಿದ. "ಹೂಂ, ಅದೇ. ಕುಡಿ" ಅಂದ.

ರಾತ್ರಿ ಊಟಕ್ಕೆ ರೊಟ್ಟಿ, ಅನ್ನ, ಹುರುಳಿ ಸಾರು. ಕಾಂಪೌಂಡ್ ಮೇಲೆ ಮುಚ್ಚಿಟ್ಟ ಬಟ್ಟಲಲ್ಲಿ ಬದನೆಕಾಯಿ ಪಲ್ಯ ಇತ್ತು, ಈ ಸಲ ಕೂಗದೆ ಇಟ್ಟು ಹೋಗಿದ್ದಳು. ಅದನ್ನೂ ಹಂಚಿಕೊಂಡೆವು. ಹಾಲಮ್ಮನಿಗೆ ಅನ್ನವನ್ನು ಕಿವುಚಿ ಉಣ್ಣಿಸಿದೆ. ಮಜ್ಜಿಗೆ ಯಾರೂ ಹಾಕಿಕೊಳ್ಳಲಿಲ್ಲ.

ಮೊದಲು ನಿದ್ದೆ ಹೋದವಳು ಹಾಲಮ್ಮ. ಸಿದ್ದೇಶ ಹೋಗಿ ಭುಜ ಅಲುಗಿಸಿ ಎಬ್ಬಿಸಿದ. "ಬೆಲ್ಲ" ಅಂದಳು. ಸರಿ, ಮಲಗು ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಬ್ಬಿಸಿದ. ಆ ದಿನದಿಂದ ಈಚೆಗೆ ಅವರಿಬ್ಬರ ರಾತ್ರಿ ಹೀಗೇ.

ಮಲಗಿದವರನ್ನು ಎಬ್ಬಿಸಬಾರದು ಅಂತ ನಮಗೆಲ್ಲ ಹೇಳಿಕೊಟ್ಟವರು ಯಾರು?